ನರ್ಸಿಂಗ್ ಕೆಲಸಕ್ಕೆ ವಿದೇಶ ಪ್ರಯಾಣ: ಹೊಲ ಮಾರುವ ಮುನ್ನ ಯೋಚಿಸಿರಿ



ಕಡಲೆ ಬೀಜ ಕೊಳ್ಳುವಾಗ ನೀವು ಚೀಲಕ್ಕೆ ಹೊಲಿದ ಚೀಟಿಯನ್ನು ನೋಡುತ್ತೀರಿ. ತಳಿ ಯಾವುದು, ಮೊಳಕೆ ಪ್ರಮಾಣ ಎಷ್ಟು, ಪರೀಕ್ಷೆ ಮಾಡಿದ ತಾರೀಕು ಯಾವುದು ಎಂದು ಓದಿ, ಪಾವತಿ ಪಡೆದು ಹಣ ಕೊಡುತ್ತೀರಿ. ಒಂದು ಹಂಗಾಮಿನ ಬೆಳೆಗೆ ಇಷ್ಟು ಎಚ್ಚರ ವಹಿಸುವ ಮನೆಯವರು, ಮಗ ಸೊಸೆಯನ್ನು ವಿದೇಶಕ್ಕೆ ಕಳಿಸುವಾಗ ಬರಿ ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ಹಣ ಎಣಿಸಿ ಕೊಡುವುದುಂಟು. ಈ ಲೇಖನ ಅಂಥ ಮನೆಗಳಿಗಾಗಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಹಳ್ಳಿಗಳಿಂದ ಹುಡುಗ ಹುಡುಗಿಯರು ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಬಾಗಲಕೋಟೆಗಳಿಗೆ ಹೋಗಿ ನರ್ಸಿಂಗ್ ಓದುತ್ತಿದ್ದಾರೆ. ಹಿಂದೆ ನಮ್ಮ ಕಡೆ ಇದು 'ನರ್ಸಬಾಯಿ'ಯ ಕೆಲಸವೆಂದೇ ಹೆಸರಾಗಿತ್ತು. ಈಗ ಗಂಡುಮಕ್ಕಳೂ ಓದುತ್ತಾರೆ. ಗಂಡ ಹೆಂಡತಿ ಇಬ್ಬರೂ ಇದೇ ಕೆಲಸದಲ್ಲಿರುವ ಮನೆಗಳೂ ಇವೆ. ಆದರೆ ಇಲ್ಲಿನ ಸಣ್ಣ ಖಾಸಗಿ ಆಸ್ಪತ್ರೆಗಳ ಸಂಬಳದಲ್ಲಿ ಸಂಸಾರ ತೂಗುವುದು ಕಷ್ಟ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚಿತವಾದ ಸಮಿತಿಯೊಂದು 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿಯೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಹೇಳಿತು. ಅದು ಕಾಗದದ ಮೇಲೆಯೇ ಉಳಿದ ಕಡೆಗಳು ಬಹಳ. ಅತ್ತ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2025ರ ಏಪ್ರಿಲ್‌ನಿಂದ ಹೊಸ ನರ್ಸಿನ ಆರಂಭದ ಸಂಬಳ ವರ್ಷಕ್ಕೆ 31,049 ಪೌಂಡ್ ಎಂದು ನಿಗದಿಯಾಯಿತು. ತೆರಿಗೆ, ಮನೆ ಬಾಡಿಗೆ, ಚಳಿಗಾಲದ ಖರ್ಚು ಕಳೆದರೂ ಮನಸ್ಸು ಅತ್ತ ಹೊರಳುವುದು ಸಹಜ.

ಹೋಗುವುದು ತಪ್ಪಲ್ಲ. ಆದರೆ ಒಂದು ಮಾತನ್ನು ಮನೆಯ ಹಿರಿಯರು ಮನಸ್ಸಿನಲ್ಲಿಡಬೇಕು. ಈ ದಾರಿಯ ಬಂಡವಾಳ ಹಣವಲ್ಲ. ಓದು, ಅನುಭವ, ಭಾಷೆ ಮತ್ತು ಕಾಲ. ಹೊಲ ಮಾರುವ ಪ್ರಸಂಗ ಬಂದಿತೆಂದರೆ ಎಲ್ಲಿಯೋ ದಾರಿ ತಪ್ಪಿದೆ ಎಂದೇ ತಿಳಿಯಬೇಕು.

ಮೊದಲು ಹೋದವರಿಂದ ಕಲಿಯುವ ಪಾಠ

ನಮ್ಮ ಭಾಗಕ್ಕೆ ನರ್ಸಿಂಗ್ ವಿದ್ಯೆ ಹೊಸದೇನಲ್ಲ. ಗದಗ-ಬೆಟಗೇರಿ ಮತ್ತು ಮಿರಜದ ಮಿಶನ್ ಆಸ್ಪತ್ರೆಗಳು ಹಿಂದಿನಿಂದಲೂ ನರ್ಸುಗಳನ್ನು ತಯಾರು ಮಾಡಿವೆ. ಆದರೆ ಈ ವಿದ್ಯೆಯನ್ನು ಕಡಲಾಚೆಯ ದುಡಿಮೆಯಾಗಿ ಮಾಡಿಕೊಂಡವರಲ್ಲಿ ಕೇರಳದವರು ಮೊದಲಿಗರು. 1960ರ ದಶಕದಿಂದ ಅಲ್ಲಿನ ರೈತ ಕುಟುಂಬಗಳ ಹೆಣ್ಣುಮಕ್ಕಳು ಚರ್ಚುಗಳ ಮೂಲಕ ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. ಅವರು ಕಳಿಸಿದ ಹಣದಿಂದ ತಮ್ಮ ತಂಗಿಯರ ಓದು, ಮದುವೆ, ಮನೆ ಆದವು.

ಅವರ ಕಷ್ಟವನ್ನೂ ತಿಳಿಯಬೇಕು. ಹೆಂಡತಿಯ ಹಿಂದೆ ಹೋದ ಗಂಡಂದಿರಿಗೆ ಅಲ್ಲಿ ಕೆಲವು ವರ್ಷ ದುಡಿಯಲು ಪರವಾನಿಗೆಯೇ ಸಿಗಲಿಲ್ಲ. ಓದಿದ ಗಂಡಸರು ಮನೆಯಲ್ಲಿ ಕುಳಿತು ಮಕ್ಕಳನ್ನು ನೋಡಿಕೊಂಡರು. 1973ರ ತೈಲ ಸಂಕಟದ ನಂತರ ಜರ್ಮನಿ ಹೊರದೇಶದವರ ನೇಮಕವನ್ನು ನಿಲ್ಲಿಸಿತು. 1970ರ ದಶಕದ ಕೊನೆಗೆ ಕೆಲವು ಪ್ರಾಂತಗಳಲ್ಲಿ ಅನೇಕ ನರ್ಸುಗಳ ಪರವಾನಿಗೆ ಮುಂದುವರಿಯಲಿಲ್ಲ. ಅವರು ಊರಿಗೆ ಮರಳಬೇಕಾಯಿತು. ಕರೆಯುವ ದೇಶ ತನ್ನ ಅಗತ್ಯ ನೋಡಿ ಕರೆಯುತ್ತದೆ, ಅಗತ್ಯ ತೀರಿದಾಗ ಬಾಗಿಲು ಮುಂದೆ ಮಾಡುತ್ತದೆ. ಮರಳಿ ಬರುವ ಜಾಗ ಊರಿನಲ್ಲಿ ಇರಬೇಕು.

ಯಾವ ಓದು ಬೇಕು?

ನರ್ಸಿಂಗ್ ಎಂಬ ಹೆಸರಿನಲ್ಲಿ ಅನೇಕ ಓದುಗಳಿವೆ. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಬಿ.ಎಸ್ಸಿ.ಗೆ ಸೇರಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ವಿದೇಶದಲ್ಲಿ ಪೂರ್ಣ ನರ್ಸ್ ಎಂದು ನೋಂದಣಿಯಾಗಲು ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ಬೇಕು, ಮಗಳನ್ನು ಹೊಸದಾಗಿ ಸೇರಿಸುವವರು ಬಿ.ಎಸ್ಸಿ.ಗೇ ಸೇರಿಸುವುದು ಲೇಸು. ಆರು ತಿಂಗಳ 'ರೋಗಿ ಆರೈಕೆ' ಪ್ರಮಾಣಪತ್ರ ಇಟ್ಟುಕೊಂಡು ನರ್ಸಿನ ಕೆಲಸಕ್ಕೆ ಹೋಗಲು ಬರುವುದಿಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆಗೆ ಹೋದ ಸಹಾಯಕರು 2024ರ ಮಾರ್ಚ್‌ನಿಂದ ಗಂಡ, ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ ಎಂದಾಯಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಆರೈಕೆ ಸಹಾಯಕರನ್ನು ಕರೆಸುವುದೇ ನಿಂತಿತು. ನೋಂದಾಯಿತ ನರ್ಸುಗಳಿಗೆ ಈ ಎರಡೂ ನಿರ್ಬಂಧಗಳು ಅನ್ವಯಿಸಲಿಲ್ಲ. ಆದ್ದರಿಂದ ಏಜೆಂಟನು ಹೇಳುವ ಕೆಲಸ ನರ್ಸಿನದೋ ಸಹಾಯಕನದೋ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿರಿ.

ಓದು ಮುಗಿದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನಂತರ ದೊಡ್ಡ ಆಸ್ಪತ್ರೆಯೊಂದರಲ್ಲಿ ದುಡಿದ ಅನುಭವ ಬೇಕು. ಕೊಲ್ಲಿ ದೇಶಗಳು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತವೆ. ಸುಳ್ಳು ಅನುಭವ ಪತ್ರ ಕೊಡಿಸುತ್ತೇನೆ ಎನ್ನುವವರನ್ನು ದೂರವಿಡಿರಿ. ಆ ದೇಶಗಳು ಪತ್ರ ಕೊಟ್ಟ ಆಸ್ಪತ್ರೆಯನ್ನೇ ನೇರವಾಗಿ ವಿಚಾರಿಸುತ್ತವೆ. ಸುಳ್ಳು ಗೊತ್ತಾದರೆ ಮುಂದಿನ ದಾರಿಯೇ ಮುಚ್ಚೀತು.

ಭಾಷೆ ಮತ್ತು ಪರೀಕ್ಷೆ

ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲಿ. ರೋಗಿಗೆ ಕೊಡುವ ಔಷಧದ ಪ್ರಮಾಣವನ್ನು ತಪ್ಪಾಗಿ ಕೇಳಿಸಿಕೊಂಡರೆ ಜೀವಕ್ಕೇ ಅಪಾಯ. ಆದ್ದರಿಂದ ಭಾಷೆಯಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ಇಂಗ್ಲೆಂಡಿಗೆ ಹೋಗುವವರು ಐ.ಇ.ಎಲ್.ಟಿ.ಎಸ್. ಪರೀಕ್ಷೆಯಲ್ಲಿ ಓದು, ಆಲಿಕೆ, ಮಾತು ಈ ಮೂರರಲ್ಲಿ 7 ಹಾಗೂ ಬರವಣಿಗೆಯಲ್ಲಿ 6.5 ಅಂಕ ಪಡೆಯಬೇಕು. ಇದರ ಬದಲು ಆಸ್ಪತ್ರೆಯ ಕೆಲಸಕ್ಕೆ ಹೊಂದಿದ ಒ.ಇ.ಟಿ. ಪರೀಕ್ಷೆಯನ್ನೂ ಬರೆಯಬಹುದು. ನಂತರ ಕಂಪ್ಯೂಟರಿನ ಮೇಲೆ ಒಂದು ಪರೀಕ್ಷೆ ಇಲ್ಲಿಯೇ ಆಗುತ್ತದೆ. ಕೈಕೆಲಸದ ಪರೀಕ್ಷೆ ಅಲ್ಲಿಗೆ ಹೋದ ಮೇಲೆ. ಇಂಗ್ಲೆಂಡ್ ಹೊರದೇಶದ ನರ್ಸುಗಳನ್ನು ಕರೆಸಿಕೊಳ್ಳುವ ವೇಗ 2024ರಿಂದೀಚೆಗೆ ತಗ್ಗಿದೆ ಎಂಬುದನ್ನೂ ಗಮನಿಸಿರಿ.

ಜರ್ಮನಿಗೆ ಜರ್ಮನ್ ಭಾಷೆಯೇ ಬೇಕು. ಅಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ 'ಬಿ 2' ಎಂಬ ಮಟ್ಟ ಮುಟ್ಟಬೇಕು. ಎ, ಬಿ, ಸಿ, ಡಿ ಬಲ್ಲವನು ದಿನವೂ ಕುಳಿತು ಓದಿದರೂ ಇದಕ್ಕೆ ಒಂದು ವರ್ಷದ ಮೇಲೆ ಹಿಡಿಯುತ್ತದೆ. ಮಾನ್ಯತೆ ಸಿಗುವವರೆಗೆ ಸಹಾಯಕನ ಕೆಲಸ, ಕಡಿಮೆ ಸಂಬಳ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ ಇದೆ, ಬೆಂಗಳೂರಿನಲ್ಲಿಯೇ ಬರೆಯಬಹುದು. ಆದರೆ ಭಾರತೀಯರಿಗೆ ಅಲ್ಲಿನ ವೀಸಾ ಸರದಿ ಹಲವು ವರ್ಷಗಳಷ್ಟು ಉದ್ದ.

ಹಳ್ಳಿಯ ಹುಡುಗರಿಗೆ ಇದು ಆಗದ ಕೆಲಸವಲ್ಲ. ಎರಡು ವರ್ಷದ ಅನುಭವ ಪಡೆಯುವ ಕಾಲದಲ್ಲಿಯೇ ದಿನಕ್ಕೆ ಒಂದೆರಡು ತಾಸು ಭಾಷೆಗೆ ಮೀಸಲಿಟ್ಟರೆ ಎರಡೂ ಒಟ್ಟಿಗೆ ಮುಗಿಯುತ್ತವೆ.

ಏಜೆಂಟರ ಬಗ್ಗೆ ಎಚ್ಚರ

1983ರ ವಲಸೆ ಕಾಯ್ದೆಯ ಪ್ರಕಾರ, ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟನು ಕೇಂದ್ರ ಸರ್ಕಾರದ ನೋಂದಣಿ ಪಡೆದಿರಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.; ಅದಕ್ಕೆ ಪಾವತಿ ಕೊಡಲೇಬೇಕು. ನೋಂದಾಯಿತ ಏಜೆಂಟರ ಯಾದಿ 'ಇ-ಮೈಗ್ರೇಟ್' ಜಾಲತಾಣದಲ್ಲಿದೆ.

2015ರಲ್ಲಿ ಕುವೈತಿಗೆ ನರ್ಸುಗಳನ್ನು ಕಳಿಸುವ ವ್ಯವಹಾರದಲ್ಲಿ, ಕೊಚ್ಚಿಯ ಸಂಸ್ಥೆಯೊಂದು 19,500 ರೂಪಾಯಿ ಪಡೆಯಬೇಕಾದಲ್ಲಿ ಒಬ್ಬೊಬ್ಬರಿಂದ 19.5 ಲಕ್ಷದವರೆಗೆ ಪಡೆದಿತೆಂಬ ಆಪಾದನೆ ಬಂದು, ಸಿ.ಬಿ.ಐ. ತನಿಖೆ ನಡೆಯಿತು. ಅದೇ ವರ್ಷ ಕೇಂದ್ರ ಸರ್ಕಾರ ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ವಲಸೆ ಅನುಮತಿಯನ್ನು ಕಡ್ಡಾಯ ಮಾಡಿ, ನೇಮಕವು ಸರ್ಕಾರಿ ಸಂಸ್ಥೆಗಳ ಮೂಲಕ ಆಗಬೇಕೆಂದು ಆದೇಶಿಸಿತು. ಇದಕ್ಕೆ ಹಿಂದಿನ ವರ್ಷ, 2014ರ ಜುಲೈಯಲ್ಲಿ, ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದ 46 ಭಾರತೀಯ ನರ್ಸುಗಳನ್ನು ಸರ್ಕಾರ ಬಿಡಿಸಿ ತಂದಿತ್ತು. ಅವರಲ್ಲಿ ಹಲವರ ಮನೆಯಲ್ಲಿ ಓದಿನ ಸಾಲ, ಏಜೆಂಟರ ಸಾಲ ಇನ್ನೂ ತೀರಿರಲಿಲ್ಲ.

ನಮ್ಮ ರಾಜ್ಯದಲ್ಲಿ ಕೌಶಲ್ಯ ಅಭಿವೃದ್ಧಿ ನಿಗಮದ ಆಶ್ರಯದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿರಿ. ಇಂಗ್ಲೆಂಡಿನ ನಿಯಮದಂತೆ ನೇಮಕದ ಶುಲ್ಕವನ್ನು ನರ್ಸಿನಿಂದ ಪಡೆಯುವಂತಿಲ್ಲ. ಜರ್ಮನ್ ಸರ್ಕಾರದ ಸಂಸ್ಥೆಗಳು 2013ರಲ್ಲಿ ಆರಂಭಿಸಿದ, 2021ರಲ್ಲಿ ಕೇರಳ ಸರ್ಕಾರವೂ ಸೇರಿದ 'ಟ್ರಿಪಲ್ ವಿನ್' ಯೋಜನೆಯಲ್ಲಿ ಭಾಷೆಯ ತರಬೇತಿ, ಪ್ರಯಾಣ ಎರಡೂ ನರ್ಸಿಗೆ ಉಚಿತ. ಸರಿಯಾದ ದಾರಿಯಲ್ಲಿ ಹತ್ತು ಹದಿನೈದು ಲಕ್ಷ ಕೇಳುವವರು ಇರುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಗಂಡ ಹೆಂಡತಿ ಸೇರಿ ಮಾಡುವ ಯೋಜನೆ

ಇಬ್ಬರೂ ನರ್ಸುಗಳಾಗಿದ್ದರೆ, ಭಾಷೆಯ ಪರೀಕ್ಷೆ ಮೊದಲು ಪಾಸಾದವರು ಮೊದಲು ಹೋಗಲಿ. ಅದು ಸೊಸೆಯಾದರೆ ಸೊಸೆಯೇ ಹೋಗಲಿ. ಇದರಲ್ಲಿ ಮಾನದ ಪ್ರಶ್ನೆ ತರಬಾರದು. ಇನ್ನೊಬ್ಬರು ಇಲ್ಲಿನ ಕೆಲಸ ಬಿಡದೆ ಓದು ಮುಂದುವರಿಸಲಿ. ಒಬ್ಬರು ಮಾತ್ರ ನರ್ಸಾಗಿದ್ದರೆ, ಜೊತೆಗೆ ಬರುವವರಿಗೆ ಆ ದೇಶದಲ್ಲಿ ದುಡಿಯಲು ಹಕ್ಕಿದೆಯೇ ಎಂದು ಮೊದಲೇ ಕೇಳಬೇಕು. ಇಂಗ್ಲೆಂಡಿನಲ್ಲಿ ನರ್ಸಿನ ಸಂಗಾತಿಗೆ ದುಡಿಯಲು ಅವಕಾಶವಿದೆ. ಕೊಲ್ಲಿ ದೇಶಗಳಲ್ಲಿ ಸಂಸಾರವನ್ನು ಕರೆಸಿಕೊಳ್ಳುವುದು ಸಂಬಳದ ಮಟ್ಟದ ಮೇಲೆ ಅವಲಂಬಿಸಿದೆ.

ಕಾಗದಪತ್ರಗಳಲ್ಲಿ ನಮ್ಮ ಭಾಗದ ಒಂದು ತೊಡಕು ಉಂಟು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರಿನಲ್ಲಿ ಗಂಡನ ಮನೆಯ ಅಡ್ಡಹೆಸರು, ನರ್ಸಿಂಗ್ ಪ್ರಮಾಣಪತ್ರದಲ್ಲಿ ಬರಿ ಮೊದಲಕ್ಷರ. ಹೀಗಾದರೆ ಮೂರು ಬೇರೆ ವ್ಯಕ್ತಿಗಳೆಂದು ಅರ್ಜಿ ಹಿಂದಕ್ಕೆ ಬರುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಹೆಸರು, ಜನ್ಮದಿನಾಂಕಗಳನ್ನು ಒಂದೇ ರೀತಿ ಮಾಡಿಸಿರಿ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮದುವೆಯ ನೋಂದಣಿ ಮಾಡಿಸಿರಿ, ಲಗ್ನಪತ್ರಿಕೆ ಸಾಲದು.

ಚಿಕ್ಕ ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಡುವ ವಿಚಾರವಿದ್ದರೆ, ಎಷ್ಟು ವರ್ಷವೆಂದು ಈಗಲೇ ಮಾತಾಡಿಕೊಳ್ಳಿರಿ. ಯಲ್ಲಮ್ಮನ ಗುಡ್ಡದ ಭಾರತ ಹುಣ್ಣಿಮೆಗೆ ಬಂದೇ ಬರುತ್ತೇವೆ ಎಂದು ಹೋದವರಿಗೆ ರಾತ್ರಿಪಾಳಿಯ ಆಸ್ಪತ್ರೆ ರಜೆ ಕೊಡದಿರಬಹುದು.

ಹೊಲದ ವಿಷಯ

ಈಗ ಮುಖ್ಯ ಮಾತಿಗೆ ಬರೋಣ. ವಿದೇಶಿ ವಿನಿಮಯದ ಕಾನೂನಿನಂತೆ, ಅನಿವಾಸಿ ಭಾರತೀಯನಾದವನು ತನ್ನ ಹಳೆಯ ಹೊಲವನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಪಡೆಯಬಹುದು. ಆದರೆ ಹೊಸದಾಗಿ ಕೃಷಿ ಭೂಮಿಯನ್ನು ಕೊಳ್ಳಲು ಬರುವುದಿಲ್ಲ. ಅಂದರೆ ಮಲಪ್ರಭೆಯ ದಂಡೆಯ ನಾಲ್ಕು ಎಕರೆ ಎರಿ ಹೊಲ ಮಾರಿ ಹೋದ ಮಗ, ಹತ್ತು ವರ್ಷ ದುಡಿದು ಹಣ ಕೂಡಿಸಿದರೂ, ಅಲ್ಲಿರುವಾಗ ತನ್ನ ಹೆಸರಿಗೆ ಅದನ್ನು ಮರಳಿ ಕೊಳ್ಳಲಾರ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಹೊಲ ಕೊಳ್ಳಬಹುದಾಗಿದೆ. ಊರಿನ ಕೈ ತಪ್ಪಿದ ಹೊಲ ಮತ್ತೆ ಮಾರಾಟಕ್ಕೆ ಬರುವ ನಂಬಿಕೆಯೂ ಇಲ್ಲ.

ಬಾಯಿಮಾತಿನ ಲಾವಣಿಗೆ ಕೊಡುವುದೂ ಕ್ಷೇಮವಲ್ಲ. 1974ರ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಕೃಷಿ ಭೂಮಿಯ ಗೇಣಿಗೆ, ಕೆಲವು ವಿನಾಯಿತಿ ಬಿಟ್ಟರೆ, ನಿಷೇಧವಿದೆ. ತಂದೆಯೋ ಅಣ್ಣತಮ್ಮಂದಿರೋ ಮನೆಯ ಕಮತವಾಗಿ ನಡೆಸುವುದು ಮೇಲು. ಉತಾರ ಹೋಗುವವನ ಹೆಸರಿನಲ್ಲಿದ್ದರೆ, ಸೊಸೈಟಿಯ ಸಾಲ, ಬೆಳೆ ವಿಮೆ, ಬೆಂಬಲ ಬೆಲೆಯ ಮಾರಾಟ ಎಲ್ಲಕ್ಕೂ ಅವನ ಆಧಾರ್, ಅವನ ಮೊಬೈಲ್ ಸಂಖ್ಯೆ ಬೇಕಾಗುತ್ತದೆ. ಆದ್ದರಿಂದ ಹೋಗುವ ಮುನ್ನ ಕಮತದ ಕೆಲಸಗಳಿಗೆ ಮಾತ್ರ ಸೀಮಿತವಾದ ಮುಖತ್ಯಾರ ಪತ್ರವನ್ನು ನೋಂದಾಯಿಸಿ ಕೊಡಲಿ. ಅದರಲ್ಲಿ ಮಾರುವ, ಅಡವಿಡುವ ಅಧಿಕಾರ ಇರಬಾರದು.

ಮನೆಯಲ್ಲಿ ಮುದುಕರೇ ಉಳಿದರೆ ಬೆಳೆಯ ಯೋಜನೆಯನ್ನೂ ಬದಲಿಸಬೇಕು. ಹತ್ತಿ ಬಿಡಿಸಲು ಆಳು ಹೆಚ್ಚು ಬೇಕು. ಮುಂಗಾರಿಗೆ ಹೆಸರು ಅಥವಾ ಸೋಯಾ, ಹಿಂಗಾರಿಗೆ ಕಡಲೆ ಇಟ್ಟುಕೊಂಡರೆ ಆಳಿನ ಭಾರ ಕಡಿಮೆಯಾಗುತ್ತದೆ. ಕಡಲೆಯಲ್ಲಿ ಎನ್.ಬಿ.ಇ.ಜಿ. 47ರಂಥ ಎತ್ತರದ ತಳಿ ಯಂತ್ರದ ಕೊಯ್ಲಿಗೆ ಒಗ್ಗುತ್ತದೆ. ಟ್ರ್ಯಾಕ್ಟರ್, ಕೂರಿಗೆ ಮುಂತಾದವನ್ನು ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ಪಡೆಯಬಹುದು.

ಹಣ ಬೇಕಾದರೆ ಹೊಲವನ್ನು ಮುಟ್ಟದೆ ಪಡೆಯುವ ದಾರಿ ಇದೆ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿಯ ಅಡವು ಕೇಳುವಂತಿಲ್ಲ.

ನೆನಪಿಡಬೇಕಾದ ಸಂಗತಿಗಳು

1. ನೇಮಕಪತ್ರದಲ್ಲಿ ಆಸ್ಪತ್ರೆಯ ಹೆಸರು, ಹುದ್ದೆ, ಸಂಬಳ, ಕರಾರಿನ ಅವಧಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿರಿ.

2. ಕರಾರು ಮುರಿದರೆ ಎಷ್ಟು ದಂಡ ಎಂಬುದನ್ನು ಓದಿಸಿಕೊಳ್ಳಿರಿ.

3. ಪ್ರವಾಸಿ ವೀಸಾದ ಮೇಲೆ ಕೆಲಸಕ್ಕೆ ಹೋಗಬೇಡಿರಿ.

4. ಅಂಕಪಟ್ಟಿ, ಪಾಸ್‌ಪೋರ್ಟ್‌ಗಳ ಮೂಲಪ್ರತಿಗಳನ್ನು ಏಜೆಂಟನ ಹತ್ತಿರ ಇಡಬೇಡಿರಿ.

5. ಸಂಶಯ ಬಂದರೆ ಕೇಂದ್ರ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 1800 11 3090 ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಿರಿ.

ನಿಮ್ಮ ಮಕ್ಕಳು ಕಲಿತ ಕೈಕೆಲಸಕ್ಕೆ ಜಗತ್ತಿನಲ್ಲಿ ಬೆಲೆ ಇದೆ. ಆ ಬೆಲೆಯನ್ನು ಅವರು ಪಡೆಯಲಿ. ಯಾರಾದರೂ ಮುಂದಿನ ತಿಂಗಳೇ ವಿಮಾನ ಏರಿಸುತ್ತೇನೆ, ಹೊಲ ಮಾರಿ ಹಣ ತನ್ನಿರಿ ಎಂದರೆ, ಉತಾರವನ್ನು ಪೆಟ್ಟಿಗೆಯಲ್ಲಿಯೇ ಇಟ್ಟು, ಅವನ ನೋಂದಣಿ ಸಂಖ್ಯೆ ಯಾವುದೆಂದು ಮೊದಲು ಕೇಳಿರಿ.