ಕೈಚೀಲವೂ ಸ್ವಾವಲಂಬನವೂ

ಜಿಪ್ಪಿನ ಬಿಲ್ಲೆಯು ಸಡಿಲಿತೆಂಬ ಮಾತ್ರಕ್ಕೆ ಗಟ್ಟಿಮುಟ್ಟಾದ ಚೀಲವನ್ನು ಕಸದ ತೊಟ್ಟಿಗೆ ಎಸೆದು ಹೊಸದೊಂದನ್ನು ಕೊಂಡುತರುವ ಅಭ್ಯಾಸವು ನಮ್ಮ ಪಟ್ಟಣಗಳಲ್ಲಿ ಬೇರೂರುತ್ತಲಿದೆ. ವಿಷಯವು ಅಲ್ಪವೆಂದು ನಗುವವರು ನಗಬಹುದು. ಆದರೆ ಸೂಜಿದಾರ ಹಿಡಿಯಲರಿಯದ ಮನೆಯು ತನ್ನ ಅತಿ ಸಣ್ಣ ಅಗತ್ಯಕ್ಕೂ ಅಂಗಡಿಯ ಬಾಗಿಲನ್ನೇ ಕಾಯಬೇಕಾಗುವುದೆಂಬುದನ್ನು ವಿಚಾರವಂತರು ಅಲ್ಲಗಳೆಯಲಾರರು.

ಎಲೆಯಡಕೆಯ ಸಂಚಿ, ಸೊಂಟಕ್ಕೆ ಬಿಗಿಯುವ ಹಮ್ಮಿಣಿ, ಹೆಗಲ ಜೋಳಿಗೆ ಇವುಗಳನ್ನು ನಮ್ಮ ಹಿರಿಯರು ಮನೆಯಲ್ಲಿಯೋ ಊರ ದರ್ಜಿಯ ಕೈಯಲ್ಲಿಯೋ ಹೊಲಿಸಿಕೊಳ್ಳುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳು ಇಂದಿಗೂ ಕೌದಿಗಳಾಗುತ್ತವೆ. ಈ ವಿದ್ಯೆಯನ್ನು ಹೊಸದಾಗಿ ಕಲಿಯಬಯಸುವವರಿಗೆ ಫೆಲ್ಟ್ ಎಂಬ ಬಟ್ಟೆಯು ಬಹು ಅನುಕೂಲವಾದದ್ದು. ನಮ್ಮ ಕುರುಬರ ಕಂಬಳಿಯು ಮಗ್ಗದಲ್ಲಿ ನೆಯ್ದದ್ದು; ಫೆಲ್ಟ್ ಹಾಗಲ್ಲ. ಉಣ್ಣೆಯ ಎಳೆಯ ಮೈಮೇಲೆ ಸೂಕ್ಷ್ಮವಾದ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ತೋಯಿಸಿ ಉಜ್ಜಿ ಒತ್ತಿದರೆ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಹಾಳೆಯಂತಾಗುತ್ತವೆ. ಕಾಶ್ಮೀರದ ನಮ್ದಾ ಎಂಬ ಹಾಸು ಇದೇ ಕ್ರಮದಿಂದ ಆದದ್ದು. ನೆಯ್ಗೆಯಿಲ್ಲದ ಕಾರಣ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ. ಮಡಿಚಿ ಹೊಲಿಯುವ ಶ್ರಮವೂ ಇಲ್ಲ. ಶುದ್ಧ ಉಣ್ಣೆಯ ಹಳೆಯ ಸ್ವೆಟರನ್ನು ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ಒಗೆದರೆ ಅದೂ ಬಹುಮಟ್ಟಿಗೆ ಫೆಲ್ಟೇ ಆಗುವುದು. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಫೆಲ್ಟಿನಲ್ಲಿ ಕೃತಕ ನೂಲೇ ಹೆಚ್ಚಾದುದರಿಂದ ಅದಕ್ಕೆ ಕಾದ ಇಸ್ತ್ರಿ ತಗಲದಂತೆ ಎಚ್ಚರವಿರಬೇಕು.

ಕೆಲಸದ ಕ್ರಮವು ಸರಳವಾಗಿದೆ. ಎಂಟು ಅಂಗುಲ ಉದ್ದ, ಐದು ಅಂಗುಲ ಅಗಲದ ಎರಡು ತುಂಡುಗಳನ್ನು ಕತ್ತರಿಸಿ, ಜಿಪ್ಪಿನ ಎರಡು ಪಟ್ಟಿಗಳ ಮೇಲೆ ಒಂದೊಂದು ತುಂಡಿನ ಉದ್ದನೆಯ ಅಂಚನ್ನಿಟ್ಟು ಮೊದಲು ಕಚ್ಚಾ ಹೊಲಿಗೆ ಹಾಕಬೇಕು. ಅಂಚಿಗೂ ಹಲ್ಲುಗಳಿಗೂ ನಡುವೆ ಕಾಲಂಗುಲ ಬಿಟ್ಟರೆ ಬಿಲ್ಲೆಯು ಬಟ್ಟೆಯನ್ನು ಕಚ್ಚುವುದಿಲ್ಲ. ಆಮೇಲೆ ಒತ್ತಾದ ಗಟ್ಟಿ ಹೊಲಿಗೆ ಹಾಕಿ, ಜಿಪ್ಪನ್ನು ಅರ್ಧ ತೆರೆದಿಟ್ಟು, ಉಳಿದ ಮೂರು ಬದಿಗಳನ್ನು ಒಳಮಗ್ಗುಲಿನಿಂದ ಹೊಲಿಯಬೇಕು. ತೆರೆಯುವುದನ್ನು ಮರೆತರೆ ಚೀಲವನ್ನು ಹೊರಳಿಸುವುದಕ್ಕೆ ದಾರಿಯೇ ಇರದು! ಲೋಹದ ಹಲ್ಲುಗಳ ಮೇಲೆ ಯಂತ್ರದ ಸೂಜಿ ಹಾಯಿಸಿದರೆ ಸೂಜಿ ಮುರಿಯುವುದು. ಫೆಲ್ಟು ಭಾರಕ್ಕೆ ಹಿಗ್ಗುವುದಾದ್ದರಿಂದ ಅದು ಹಣದ ಚೀಲಕ್ಕೂ ಕನ್ನಡಕದ ಚೀಲಕ್ಕೂ ಯೋಗ್ಯವೇ ಹೊರತು ತರಕಾರಿಯ ಹೊರೆಗಲ್ಲ; ಅದಕ್ಕೆ ದಪ್ಪ ಹತ್ತಿಬಟ್ಟೆಯೇ ಲೇಸು.

ಜಿಪ್ಪು ಪರದೇಶದ ವಸ್ತುವಲ್ಲವೇ ಎಂದು ಕೇಳುವವರುಂಟು. ಅಹುದು, ೧೮೯೩ರಲ್ಲಿ ಅಮೆರಿಕದ ವಿಟ್‌ಕೂಂಬ್ ಜಡ್ಸನ್ನನು ಇದರ ಪೂರ್ವರೂಪಕ್ಕೆ ಹಕ್ಕುಪತ್ರ ಪಡೆದನು, ೧೯೧೩ರಲ್ಲಿ ಸ್ವೀಡನ್ ಮೂಲದ ಗಿಡಿಯನ್ ಸುಂಡ್‌ಬ್ಯಾಕನು ಅದನ್ನು ಇಂದಿನ ರೂಪಕ್ಕೆ ತಂದನು. ಆದರೆ ಸ್ವದೇಶಿಯೆಂದರೆ ಪರರ ಬುದ್ಧಿಯನ್ನು ದ್ವೇಷಿಸುವುದಲ್ಲ. ೧೯೨೪ರಲ್ಲಿ ಯಂತ್ರಗಳ ವಿಚಾರ ಬಂದಾಗ ಮಹಾತ್ಮರು ಸಿಂಗರ್ ಹೊಲಿಗೆಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಮನುಷ್ಯನ ಕೈಗೆ ನೆರವಾಗುವ ಯಂತ್ರ ಬೇರೆ, ಕೈಯನ್ನೇ ನಿರರ್ಥಕಗೊಳಿಸುವ ಯಂತ್ರ ಬೇರೆ. ಸಡಿಲಿದ ಬಿಲ್ಲೆಯನ್ನು ಇಕ್ಕಳದಿಂದ ಮೆಲ್ಲನೆ ಒತ್ತಿ ಸರಿಪಡಿಸಬಲ್ಲವನಿಗೆ ಜಿಪ್ಪು ಸೇವಕ; ಅದನ್ನರಿಯದವನಿಗೆ ಅದೇ ಒಡೆಯ.

ಕರ್ನಾಟಕ ಸರಕಾರವು ೨೦೧೬ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಗ್ರಿಗಳ ಮೇಲೆ ದೇಶಾದ್ಯಂತ ನಿಷೇಧ ಬಂದಿತು. ಆದರೂ ಸಂತೆಬೀದಿಯಲ್ಲಿ ಅವು ಕಣ್ಣಿಗೆ ಬೀಳುತ್ತಲೇ ಇವೆ. ಆಜ್ಞೆಯು ಕೆಟ್ಟ ಚೀಲವನ್ನು ಕಸಿದುಕೊಳ್ಳಬಹುದು. ಒಳ್ಳೆಯ ಚೀಲವನ್ನು ಕೈಗೆ ಕೊಡಲಾರದು. ೧೯೩೭ರ ವರ್ಧಾ ಸಮ್ಮೇಳನವು ಕೈಕಸಬನ್ನೇ ವಿದ್ಯೆಯ ಮಧ್ಯಬಿಂದುವಾಗಿಸಬೇಕೆಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೬ರಿಂದ ೮ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕಸಬುದಾರರ ಬಳಿ ಕಲಿಯಬೇಕೆಂದು ಸೂಚಿಸಿತು. ಚೀಲವಿಲ್ಲದ ಅಂತಹ ಒಂದು ದಿನ ಹುಡುಗರೂ ಹುಡುಗಿಯರೂ ಕೂಡಿ ಚೀಲವನ್ನೇ ಹೊಲಿಯಲೆಂದು ನಮ್ಮ ಸಲಹೆ.

ಕಛೇರಿಗೆ ಹೋಗುವ ಮಹನೀಯರು ಇದನ್ನು ಹೆಂಗಸರ ಕೆಲಸವೆಂದು ತಳ್ಳಿಹಾಕದಿರಲಿ. ತಾನೇ ಹೊಲಿದ ಚೀಲವನ್ನು ಯಾರೂ ಸುಲಭವಾಗಿ ಎಸೆಯರು. ಹರಿದರೆ ತೇಪೆ ಹಾಕುವರು. ಮಿತವ್ಯಯವು ಉಪದೇಶದಿಂದ ಬರತಕ್ಕುದಲ್ಲ, ಬೆರಳುಗಳಿಂದ ಬರತಕ್ಕುದು.