ಒಂದು ಸೊನ್ನೆ ಹೋದ್ರೆ ತೂತು ಎಲ್ಲಿ ಬೀಳುತ್ತೆ?
ಪ್ರಾಜೆಕ್ಟ್‌ಗೆ ಸರ್ಕ್ಯೂಟ್ ಬೋರ್ಡ್ ಮಾಡಿಸುವವರು ಹೆಚ್ಚಾಗಿ ಕೇಳೋದು ಗರ್ಬರ್ ಫೈಲ್ ಬಗ್ಗೆ. ನಾನಂತೂ ಡ್ರಿಲ್ ಫೈಲನ್ನೇ ಮೊದಲು ನೋಡಿ ಅಂತೀನಿ.

ಗರ್ಬರ್ ಅಂದ್ರೆ ಬೋರ್ಡಿನ ಒಂದೊಂದು ಪದರದ ಚಿತ್ರ: ತಾಮ್ರ, ಸೋಲ್ಡರ್ ಮಾಸ್ಕ್, ಅಂಚು. ತೂತುಗಳದ್ದು ಸಾಮಾನ್ಯವಾಗಿ ಬೇರೆ ಫೈಲ್, ಎಕ್ಸೆಲಾನ್ ಅಂತ. ತಕರಾರು ಅಲ್ಲೇ. ಹಳೇ ಪದ್ಧತಿಯಲ್ಲಿ ಅದರ ಅಂಕಿಗಳಿಗೆ ದಶಮಾಂಶ ಬಿಂದುವೇ ಇರಲ್ಲ, ಜಾಗ ಉಳಿಸೋಕೆ ಸೊನ್ನೆಗಳನ್ನೂ ಕಿತ್ತಿರ್ತಾರೆ.

ಬಿಂದುವಿನ ಎಡಕ್ಕೆ ಮೂರು, ಬಲಕ್ಕೆ ಮೂರು ಅಂಕಿ ಅಂತಿಟ್ಕೊಳ್ಳಿ. ಆಗ 12.5 ಮಿಲಿಮೀಟರ್ ಅಂದ್ರೆ 012500. ಕೊನೆಯ ಸೊನ್ನೆ ತೆಗೆದ್ರೆ 0125. ಫ್ಯಾಕ್ಟರಿ ಸಾಫ್ಟ್‌ವೇರ್ 'ಹೋಗಿರೋದು ಮೊದಲಿನ ಸೊನ್ನೆ' ಅಂದ್ಕೊಂಡ್ರೆ ಅದು 000125 ಆಗುತ್ತೆ, ತೂತು 0.125 ಮಿಲಿಮೀಟರಿಗೆ ಬಂದು ಕೂರುತ್ತೆ. ಹಾಗೆ ಕೊರೆದ ಬೋರ್ಡ್ ಕಸವೇ, ರಿಪೇರಿ ಇಲ್ಲ. ಇನ್ನೊಂದು ತಮಾಷೆ ಕೇಳಿ: ಗರ್ಬರ್‌ನಲ್ಲಿ 'ಎಲ್' ಅಂದ್ರೆ ಮೊದಲಿನ ಸೊನ್ನೆ ಬಿಟ್ಟಿದೆ, ಎಕ್ಸೆಲಾನ್‌ನಲ್ಲಿ 'ಎಲ್‌ಝಡ್' ಅಂದ್ರೆ ಮೊದಲಿನ ಸೊನ್ನೆ ಇಟ್ಟಿದೆ!

ಕೀಕ್ಯಾಡ್ ಬಳಸೋರು ಡ್ರಿಲ್ ಕಿಟಕಿಯಲ್ಲಿ ಎಕ್ಸೆಲಾನ್, ಮಿಲಿಮೀಟರ್, ಸೊನ್ನೆಗಳ ಜಾಗದಲ್ಲಿ ಡೆಸಿಮಲ್ ಫಾರ್ಮ್ಯಾಟ್ ಆರಿಸಿ. ಬಿಂದು ಫೈಲ್‌ನಲ್ಲೇ ಬರುತ್ತೆ, ಊಹೆ ಮಾಡೋ ಗೋಜೇ ಇಲ್ಲ. ಗರ್ಬರ್‌ಗೆ 4.6 ಫಾರ್ಮ್ಯಾಟ್. ಮೂಲಬಿಂದು ಎರಡಕ್ಕೂ ಒಂದೇ ಇರಲಿ, ಇಲ್ಲಾಂದ್ರೆ ತೂತುಗಳೆಲ್ಲ ಒಟ್ಟಿಗೇ ಪಕ್ಕಕ್ಕೆ ಸರಿದುಬಿಡುತ್ತವೆ.

ಜಿಪ್ ಮಾಡೋ ಮುಂಚೆ ಗರ್ಬ್‌ವ್ಯೂನಲ್ಲಿ ಎರಡನ್ನೂ ಒಂದರ ಮೇಲೊಂದು ತೆರೆದು, ಪ್ರತಿ ತೂತು ತನ್ನ ಪ್ಯಾಡ್‌ನ ನಡುವೆ ಇದೆಯಾ ನೋಡ್ಕೊಳ್ಳಿ.