ತನಿ ಆವರ್ತನವೂ ಬಿಸಿ ಅಡೆಯೂ

ಬೆಂಗಳೂರಿನಲ್ಲಿ ರಾತ್ರಿ ಮೈಲು ಹತ್ತಿದರೆ ಬೆಳಗಿನ ಜಾವಕ್ಕೆ ಚೆನ್ನೈ. ನಮ್ಮ ಹಿರಿಯರ ಮದರಾಸು. ಧನುರ್ಮಾಸದಲ್ಲಿ ಅಲ್ಲಿಗೆ ಹೊರಟವರನ್ನು ಏಕೆಂದು ಯಾರೂ ಕೇಳುವುದಿಲ್ಲ. ಸಂಗೀತಕ್ಕೆಂಬುದು ಗೊತ್ತೇ ಇದೆ. ತಿಂಡಿಗೂ ಹೌದೆಂಬುದನ್ನು ಮಾತ್ರ ಹೊರಟವರು ಬಾಯಿಬಿಟ್ಟು ಹೇಳುವುದಿಲ್ಲ.

1927ರಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಜೊತೆಗೇ ಒಂದು ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಈಗ ಡಿಸೆಂಬರ್ ತಿಂಗಳ ನಡುವಿನಿಂದ ಊರಿನ ಹತ್ತಾರು ಗಾನಸಭೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಚೇರಿಗಳೇ ಕಚೇರಿಗಳು. ಕನ್ನಡಿಗರಿಗೆ ಅದು ಪರಸ್ಥಳವೆನ್ನಿಸದು. ವಾಸುದೇವಾಚಾರ್ಯರು 1935ರಲ್ಲಿ, ಪಿಟೀಲು ಚೌಡಯ್ಯನವರು 1957ರಲ್ಲಿ ಅಕಾಡೆಮಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು.

ಸಭಾಂಗಣದ ಪಕ್ಕದಲ್ಲಿ ಚಪ್ಪರ, ಚಪ್ಪರದಡಿಯಲ್ಲಿ ಕ್ಯಾಂಟೀನು. ಮಧ್ಯಾಹ್ನ ಬಾಳೆಯೆಲೆಯ ಊಟ, ಸಂಜೆ ಪೊಂಗಲ್, ವಡೆ, ಬೂದುಗುಂಬಳದ ಕಾಶಿಹಲ್ವ, ಬೇಳೆಗಳನ್ನು ತರಿತರಿಯಾಗಿ ರುಬ್ಬಿ ಹುಯ್ದ ದಪ್ಪ ಅಡೆ, ಅದಕ್ಕೆ ಅವಿಯಲ್. ಕಾವಲಿಯ ವಾಸನೆ ಬಾಗಿಲು ತೆರೆದಾಗಲೆಲ್ಲ ಒಳಕ್ಕೆ ಬರುತ್ತದೆ. ಗಾಯಕರು ಹಾಡು ನಿಲ್ಲಿಸಿ, ತಾಳ ಮಾತ್ರ ಹಾಕುತ್ತ, ಮೃದಂಗ ಘಟಗಳಿಗೆ ವೇದಿಕೆ ಬಿಟ್ಟುಕೊಡುವ ತನಿ ಆವರ್ತನದ ಹೊತ್ತಿಗೇ ಅರ್ಧ ಸಭೆ ಎದ್ದುಬಿಡುತ್ತದೆ. ಮೃದಂಗ ವಿದ್ವಾಂಸರೊಬ್ಬರಿಗೆ ಅಕಾಡೆಮಿಯ ಆ ಅಧ್ಯಕ್ಷಪೀಠ ಮೊದಲು ದೊರೆತದ್ದೇ 1966ರಲ್ಲಿ, ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ. ಎದ್ದುಹೋಗುವ ರೂಢಿ ಅದರಿಂದೇನೂ ನಿಲ್ಲಲಿಲ್ಲ.

ಮೊದಲ ಸಂಜೆ ನಾನೂ ಎದ್ದೆ. ಜೊತೆಗಿದ್ದ ದೊಡ್ಡಪ್ಪನವರು ಚಿಕ್ಕಂದಿನಲ್ಲಿ ನಾಲ್ಕು ವರ್ಷ ಮೃದಂಗ ಕಲಿತು, ಬಡತನದಿಂದ ಬಿಟ್ಟವರು. ಅವರು ಕದಲಲಿಲ್ಲ. ನಾನು ಹಿಂದಿರುಗಿದಾಗ ಮಂಗಳ ನಡೆದಿತ್ತು. "ಅಡೆ ಹೇಗಿತ್ತಪ್ಪ?" ಎಂದರು, ಅಷ್ಟೇ. ಬೈದಿದ್ದರೆ ಸಲೀಸಾಗಿತ್ತು.

ಮರುಸಂಜೆ ಕುಳಿತೆ. ನಮ್ಮ ಸಾಲಿನವರು ಮೊಣಕಾಲು ತಾಗಿಸುತ್ತ ಒಬ್ಬೊಬ್ಬರಾಗಿ ಹೊರಟರು. ಮೃದಂಗದ ಹುಡುಗ ಒಂದು ಕ್ಷಣ ಬಾಗಿಲ ಕಡೆ ನೋಡಿದ, ಆಮೇಲೆ ನೋಡಲಿಲ್ಲ. ಮಿಶ್ರಚಾಪು, ಏಳೇಳು ಎಣಿಕೆಯ ನಡೆಯನ್ನು ಅವನು ಒಡೆದು ಹಂಚುವುದು, ಘಟ ಅದನ್ನು ಎತ್ತಿಕೊಂಡು ಇನ್ನೊಂದು ಬಗೆಯಲ್ಲಿ ಹಿಂತಿರುಗಿಸುವುದು. ಹಂಚಿಕೆ ಚಿಕ್ಕದಾಗುತ್ತ ಇಬ್ಬರೂ ಕೂಡಿದಾಗ ನನ್ನ ಎಣಿಕೆ ಎಂದೋ ತಪ್ಪಿತ್ತು. ದೊಡ್ಡಪ್ಪನವರದು ತಪ್ಪಿರಲಿಲ್ಲ. ತೊಡೆಯ ಮೇಲೆ ಅವರ ಬೆರಳುಗಳು ಅರವತ್ತು ವರ್ಷ ಹಿಂದಿನ ಪಾಠವನ್ನು ನುಡಿಸುತ್ತಿದ್ದವು. ಕೊನೆಯ ಮುಕ್ತಾಯಕ್ಕೆ ಅವರೂ ಆ ಹುಡುಗನೂ ಒಟ್ಟಿಗೇ ಬಂದರು.

ಕಚೇರಿ ಮುಗಿಸಿ ಚಪ್ಪರಕ್ಕೆ ಹೋದಾಗ ಅಡೆ ತೀರಿತ್ತು. ಕಾಫಿ ಮಾತ್ರ ಇತ್ತು. ಎರಡು ಲೋಟ ತಂದೆ.